ಬೇರೆಯವರ ಕಟ್ಟಡದಲ್ಲಿ ಜಾರಿ ಬಿದ್ದು ಪೆಟ್ಟಾದರೆ ಪರಿಹಾರ ಕೇಳಬಹುದಾ?

ಖಂಡಿತ ಕೇಳಬಹುದು. ಆದರೆ ಬಿದ್ದು ಪೆಟ್ಟಾಯಿತು ಅಂದರಷ್ಟೇ ಸಾಲದು. ಆ ಜಾಗ ನೋಡಿಕೊಳ್ಳುವವರು ಎಚ್ಚರ ವಹಿಸಿರಲಿಲ್ಲ ಅಂತ ತೋರಿಸಬೇಕು. ಮೆಟ್ಟಿಲ ಮೇಲೆ ಯಾರೋ ಆಗಷ್ಟೇ ನೀರು ಚೆಲ್ಲಿದ್ದರೆ ಕೇಸ್ ಕಷ್ಟ. ಅದೇ ನೀರು ಗಂಟೆಗಟ್ಟಲೆ ನಿಂತು, ಸುತ್ತ ಹತ್ತಾರು ಚಪ್ಪಲಿ ಗುರುತು ಮೂಡಿದ್ದರೆ? ಒರೆಸಲು ಬೇಕಾದಷ್ಟು ಸಮಯವಿತ್ತು ಅಲ್ವಾ! ಕೇಸಿನ ಜೀವ ಇರುವುದೇ ಅಲ್ಲಿ. ಹಾಗಾಗಿ ಒರೆಸುವ ಮೊದಲೇ ಫೋಟೋ ತೆಗೆಯಿರಿ, ಆಗದಿದ್ದರೆ ಪಕ್ಕದವರಿಂದ ತೆಗೆಸಿ. ಸಿಸಿಟಿವಿ ದೃಶ್ಯ ಬೇಗ ಅಳಿಸಿಹೋಗಬಹುದು, ಉಳಿಸಿಡಿ ಅಂತ ಮಾಲೀಕರಿಗೆ ಬರೆದೇ ಕೇಳಿ. ಅಂದೇ ಆಸ್ಪತ್ರೆಗೆ ಹೋಗಿ, ಹೇಗೆ ಬಿದ್ದಿರಿ ಅನ್ನುವುದನ್ನು ಡಾಕ್ಟರ್ ಚೀಟಿಯಲ್ಲಿ ಬರೆಸಿ.

ಎಷ್ಟೋ ಪ್ರಕರಣಗಳು ಮಾಲೀಕರ ಇನ್ಶೂರೆನ್ಸ್ ಕಂಪನಿ ಜೊತೆ ರಾಜಿಯಲ್ಲೇ ಮುಗಿಯುತ್ತವೆ. ಆದರೆ ಪೆಟ್ಟು ಎಷ್ಟು ಅಂತ ಪೂರ್ತಿ ಗೊತ್ತಾಗುವ ಮುಂಚೆ ದಯವಿಟ್ಟು ಸಹಿ ಹಾಕಬೇಡಿ. ಆಮೇಲೆ ಜಾಸ್ತಿ ಕೇಳಲು ಸಾಮಾನ್ಯವಾಗಿ ಆಗುವುದಿಲ್ಲ. ನಿಮ್ಮದೂ ಸ್ವಲ್ಪ ತಪ್ಪಿದ್ದರೆ ಹಲವು ಕಡೆ ಹಣ ಕಡಿಮೆಯಾಗುತ್ತದೆ, ಅಷ್ಟೇ.

ಕೇಸ್ ಹಾಕುವ ಗಡುವು ಊರಿಂದೂರಿಗೆ ಬೇರೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 3 ವರ್ಷ, ಕ್ಯಾಲಿಫೋರ್ನಿಯಾದಲ್ಲಿ 2. ಕ್ಯಾಲಿಫೋರ್ನಿಯಾದಲ್ಲಿ ಜಾಗ ನಗರಸಭೆಯದಾದರೆ 6 ತಿಂಗಳೊಳಗೆ ಮೊದಲು ಅವರಿಗೇ ಅರ್ಜಿ ಕೊಡಬೇಕು.