ಅರ್ಧ ಎಕರೆಯಲ್ಲಿ ಏಳು ಪದರದ ಕಾಡುತೋಟ: ಈ ಮಳೆಗಾಲದಲ್ಲೇ ಎಲ್ಲ ಗಿಡ ನೆಟ್ಟುಬಿಡಲೇ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ತಪ್ಪು ತಿಳಿಯಬೇಡಿ, ನನ್ನನ್ನೇ ನೆನೆದು ಬಂದ ನಗು ಅದು. ಅರ್ಧ ಎಕರೆ ಇದೆ, ಕಾಡಿನ ಹಾಗೆ ದೊಡ್ಡ ಮರ, ಸಣ್ಣ ಮರ, ಪೊದೆ, ಸೊಪ್ಪು, ನೆಲದ ಬಳ್ಳಿ, ಗಡ್ಡೆ, ಮರ ಹತ್ತುವ ಬಳ್ಳಿ ಅಂತ ಏಳು ಪದರ ಮಾಡಬೇಕು, ಒಂದೇ ಮಳೆಗಾಲದಲ್ಲಿ ಎಲ್ಲ ನೆಟ್ಟು ಮುಗಿಸಬೇಕು, ಮೂರು ವರ್ಷ ಕಳೆದರೆ ಉಳುಮೆಯೂ ಇಲ್ಲ, ಕೆಲಸವೂ ಇಲ್ಲ, ಮಳೆ ಬಿಸಿಲು ಹೇಗೇ ಕೆಟ್ಟರೂ ಕಾಡು ತಾನಾಗಿ ಊಟ ಹಾಕುತ್ತದೆ, ಹಾಗಾದರೆ ಯಾವ್ಯಾವ ಗಿಡ ತರಲಿ ಅಂತ ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದೆ ನನ್ನ ತಲೆಯಲ್ಲಿದ್ದದ್ದೂ ಅಕ್ಷರಶಃ ಇದೇ. ಜಾಗವೂ ಅಷ್ಟೇ. ನೀವು ಕೇಳಿದಿರಿ, ನಾನು ಕೇಳದೆ ನೆಟ್ಟೆ, ಅಷ್ಟೇ ವ್ಯತ್ಯಾಸ.

150 ಗುಣಿ ತೆಗೆಸಿದೆ. 12 ಅಡಿಗೊಂದು. ಮಾವು, ಹಲಸು, ನೇರಳೆ, ಬೆಣ್ಣೆಹಣ್ಣು ಮೇಲಿನ ಪದರಕ್ಕೆ. ನಡುನಡುವೆ ಸೀಬೆ, ನಿಂಬೆ, ನುಗ್ಗೆ, ಪಪ್ಪಾಯಿ. ಅವುಗಳ ಸಂದಿಯಲ್ಲಿ ತೊಗರಿ, ಕರಿಬೇವು. ನೆಲದ ಮೇಲೆ ಸಿಹಿಗೆಣಸಿನ ಬಳ್ಳಿ, ನೆಲದೊಳಗೆ ಅರಿಶಿನ, ಕೆಸು, ಸುವರ್ಣಗಡ್ಡೆ. ಬೇಲಿಗೆ ಗ್ಲಿರಿಸಿಡಿಯಾ, ಅಂದರೆ ಗೊಬ್ಬರದ ಗಿಡ. ಮರ ಹತ್ತಲಿ ಅಂತ ಕಾಳುಮೆಣಸು, ಹತ್ತಲು ಮರವೇ ಇನ್ನೂ ಮೊಣಕಾಲೆತ್ತರ ಇದ್ದರೂ! ಕಾಡುತೋಟ ಅಂದರೆ ಎಲ್ಲರೂ ತೋರಿಸುವ ಚಿತ್ರದಲ್ಲಿ ಏಳು ಪದರ ಇತ್ತು, ನಾನೂ ಏಳನ್ನೂ ತುಂಬಿಸಿದೆ. ಖಾಲಿ ನೆಲ ಕಂಡರೆ ಏನೋ ಪಾಪ ಮಾಡಿದಂತೆ ಅನಿಸುತ್ತಿತ್ತು.

ಎರಡನೇ ವರ್ಷ ಸ್ವರ್ಗ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನೀವು ನೋಡಿರುವ ವಿಡಿಯೋಗಳೆಲ್ಲ ಬಹುಶಃ ಎರಡನೇ ವರ್ಷದವೇ. ಪಪ್ಪಾಯಿ ಕಾಂಡಕ್ಕೆ ಅಂಟಿಕೊಂಡು ಜೋತಿತ್ತು, ತೊಗರಿ ಆಳೆತ್ತರ ಬಂದು ಹಳದಿ ಹೂವಿನಲ್ಲಿ ಮುಚ್ಚಿಹೋಗಿತ್ತು, ಗೆಣಸಿನ ಬಳ್ಳಿ ಕಾಲಿಡಲು ಜಾಗ ಬಿಟ್ಟಿರಲಿಲ್ಲ. ಆ ವರ್ಷದ ಬೆಳೆಯೆಲ್ಲ ಬಿಸಿಲಿನಲ್ಲಿ ಬಂದದ್ದು. ಹಲಸು, ಮಾವು ಇನ್ನೂ ಸೊಂಟದ ಮಟ್ಟಕ್ಕಿದ್ದವು, ನೆರಳೇ ಇರಲಿಲ್ಲ. ನಾನು ಮಾತ್ರ ಇದು ಕಾಡುತೋಟದ ಮಹಿಮೆ ಅಂದುಕೊಂಡು ಬಂದವರಿಗೆಲ್ಲ ಪಾಠ ಹೇಳುತ್ತಿದ್ದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ. ನಾನು ಗಿಡಗಳ ಅಂತರವನ್ನು ಸಸಿಯ ಗಾತ್ರ ನೋಡಿ ಲೆಕ್ಕ ಹಾಕಿದ್ದೆ, ಮರದ ಗಾತ್ರ ನೋಡಿ ಅಲ್ಲ. ಅರ್ಧ ಎಕರೆ ಅಂದರೆ 21,780 ಚದರ ಅಡಿ. 12 ಅಡಿಗೊಂದರಂತೆ ನೆಟ್ಟರೆ 151 ಮರ ಹಿಡಿಯುತ್ತವೆ. ಬೆಳೆದ ಮಾವಿನದೋ ಹಲಸಿನದೋ ನೆತ್ತಿ 30 ಅಡಿ ಹರಡುವುದು ಏನೇನೂ ಹೆಚ್ಚಲ್ಲ. 30 ಅಡಿಗೊಂದರಂತೆ ಲೆಕ್ಕ ಹಾಕಿ ನೋಡಿ, 24 ಮರ. ಇಪ್ಪತ್ತನಾಲ್ಕು! ನನ್ನ 150ರಲ್ಲಿ ದೊಡ್ಡ ಜಾತಿಯವೇ 60 ಇದ್ದವು. ಆದರೂ ಇದು ತಪ್ಪಿನ ಅರ್ಧ ಭಾಗ ಮಾತ್ರ. ಒತ್ತಾಗಿ ನೆಡುವುದೇ ಅಪರಾಧವಲ್ಲ. ಬ್ರೆಜಿಲ್‌ನ ಬಹಿಯಾದಲ್ಲಿ ಎರ್ನ್ಸ್ಟ್ ಗೋಟ್ಷ್ ಸತ್ತ ನೆಲದಲ್ಲಿ 1980ರ ದಶಕದಿಂದ ಕೋಕೋವನ್ನೂ ಕಾಡನ್ನೂ ಒಟ್ಟಿಗೆ ಎಬ್ಬಿಸಿದವರು, ಅವರು ನೆಡುವುದೂ ಒತ್ತಾಗಿಯೇ. ಆದರೆ ಅವರು ಕಡಿಯುತ್ತಾರೆ. ಮತ್ತೆ ಮತ್ತೆ, ದಯೆಯಿಲ್ಲದೆ ಕಡಿದು, ಕಡಿದದ್ದನ್ನೆಲ್ಲ ಅಲ್ಲೇ ನೆಲಕ್ಕೆ ಹಾಸುತ್ತಾರೆ. ನಾನು ಒತ್ತಾಗಿ ನೆಟ್ಟೆ, ಕಡಿಯಲಿಲ್ಲ. ಕಾಡಿನಲ್ಲಿ ಯಾರು ಕವಾತು ಮಾಡುತ್ತಾರೆ, ಪ್ರಕೃತಿಗೆ ಗೊತ್ತಿಲ್ಲವೇ ಎಂದು ವೇದಾಂತ ಹೇಳಿಕೊಂಡು ಮಚ್ಚು ಮುಟ್ಟಲಿಲ್ಲ. ಕಾಡಿನಲ್ಲೂ ಕಡಿಯುವವರಿದ್ದಾರೆ: ಬಿರುಗಾಳಿ, ಆನೆ, ಬೆಂಕಿ, ಮುದಿತನ. ನನ್ನ ಬೇಲಿಯೊಳಗೆ ಅವರ್ಯಾರೂ ಇರಲಿಲ್ಲ. ಆ ಕೆಲಸ ನನ್ನ ಪಾಲಿನದು, ನಾನು ಮಾಡಲಿಲ್ಲ.

ಸಹಜ ಕೃಷಿಗೆ ಹೆಸರಾದ ಜಪಾನಿನ ರೈತ ಮಸನೊಬು ಫುಕುವೊಕಾ ಅವರ ಹೆಸರನ್ನು ಈ ಸೋಮಾರಿತನಕ್ಕೆ ಗುರಾಣಿಯಾಗಿ ಹಿಡಿದಿದ್ದೆ. ಅವರೇ ತಮ್ಮ ಅನುಭವ ಹೇಳಿಕೊಂಡಿದ್ದಾರೆ: ತಂದೆಯ ಕಿತ್ತಳೆ ಜಾತಿಯ ತೋಟವನ್ನು ಹಾಗೇ ಕೈಬಿಟ್ಟಾಗ ರೆಂಬೆಗೆ ರೆಂಬೆ ಹೆಣೆದುಕೊಂಡು, ಕೀಟ ಬಿದ್ದು, ಮರಗಳು ಒಣಗಿಹೋದವು ಅಂತ. ಒಮ್ಮೆ ಕವಾತು ಕಂಡ ಮರವನ್ನು ಸುಮ್ಮನೆ ಬಿಡುವುದು ಸಹಜ ಕೃಷಿಯಲ್ಲ, ಕೈಬಿಡುವುದು ಅಂತ ಅವರು ಕಲಿತದ್ದು ಹಾಗೆ. ನಾನು ಆ ಭಾಗವನ್ನು ಮಾತ್ರ ಹಾರಿಸಿ ಓದಿದ್ದೆ.

ನಾಲ್ಕನೇ ವರ್ಷ ಒಂದೊಂದೇ ಪದರ ಕಳಚಿತು. ಮೊದಲು ಗೆಣಸು. ಬಳ್ಳಿ ಹಸಿರಾಗೇ ಇತ್ತು, ಅಗೆದರೆ ಪೆನ್ಸಿಲ್ ದಪ್ಪದ ಬೇರು. ಆಮೇಲೆ ಪಪ್ಪಾಯಿ, ಬೆಳಕು ಹುಡುಕಿಕೊಂಡು ಕೊಕ್ಕರೆ ಕತ್ತಿನ ಹಾಗೆ ಬಾಗಿ ಬಾಗಿ ಬಿತ್ತು. ಸೀಬೆಯಲ್ಲಿ ತುದಿಗೆ ಮಾತ್ರ ಎಲೆ, ಕಾಯಿ ಇಲ್ಲ. ನಿಂಬೆಗೆ ಹಿಟ್ಟುತಿಗಣೆ. ಅರಿಶಿನ ಮತ್ತು ಕೆಸು ಪಾಪ ಬದುಕಿಕೊಂಡವು, ಅವಕ್ಕೆ ಅರೆನೆರಳು ಒಗ್ಗುತ್ತದೆ. ಆ ವರ್ಷ ಅಕ್ಕ ಬಂದವಳು ಬೇಲಿಯ ಹೊರಗೇ ನಿಂತಳು. "ಏನೋ ಇದು, ತೋಟ ಮಾಡಿದ್ದೀಯೋ, ಹಾವಿಗೆ ಮನೆ ಕಟ್ಟಿಸಿದ್ದೀಯೋ?" ಅಂದಳು. ಒಂದು ವಾರ ಅವಳ ಹತ್ತಿರ ಮಾತು ಬಿಟ್ಟಿದ್ದೆ.

ಐದನೇ ವರ್ಷ ಮಳೆ ಕೈಕೊಟ್ಟಿತು. ದಟ್ಟ ತೋಟ ತಂಪಾಗಿರುತ್ತದೆ, ಬರ ತಾಳುತ್ತದೆ ಅಂತ ನೀವೂ ಬರೆದಿದ್ದೀರಿ. ತಂಪಾಗಿರುತ್ತದೆ, ನಿಜ. ಆದರೆ ಪ್ರತಿ ಎಲೆಯೂ ನೀರು ಕುಡಿದು ಆವಿ ಬಿಡುವ ಬಾಯಿ. 150 ಮರದ ಬೇರುಗಳು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಕಿತ್ತಾಡಿದವು. ತರಗೆಲೆ ಸರಿಸಿ ಕೈ ಹಾಕಿದರೆ ಕೂದಲಿನಂಥ ಬೇರಿನ ಚಾಪೆ, ಅದರ ಕೆಳಗೆ ಬೂದಿಯಂಥ ಒಣ ಮಣ್ಣು. ಮರುವರ್ಷ ತದ್ವಿರುದ್ಧ. ಮಾವು ಹೂ ಬಿಟ್ಟ ಹೊತ್ತಿಗೆ ಅಕಾಲ ಮಳೆ. ನನ್ನ ತೋಟದೊಳಗೆ ಗಾಳಿಯೇ ಆಡುತ್ತಿರಲಿಲ್ಲ, ಬೆಳಗ್ಗೆ ನೆನೆದ ಹೂಗೊಂಚಲು ಸಂಜೆಗೂ ಒದ್ದೆ. ಮೂರು ದಿನದಲ್ಲಿ ಗೊಂಚಲುಗಳೆಲ್ಲ ಕಪ್ಪು. ಆಮೇಲೊಂದು ಗಾಳಿ ಬೀಸಿತು, ಬೆಳಕಿಗಾಗಿ ಬಿದಿರುಕಡ್ಡಿಯ ಹಾಗೆ ಎದ್ದಿದ್ದ ನುಗ್ಗೆಗಳು ಸಾಲಾಗಿ ಮುರಿದವು.

ಭೂಮಿ ಬಿಸಿಯಾಗುತ್ತಿದೆ. ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 7% ಹೆಚ್ಚು ನೀರಾವಿ ಹಿಡಿಯಬಲ್ಲದು. ಆದ್ದರಿಂದ ಒಣಗಾಲದಲ್ಲಿ ಮಣ್ಣಿನಿಂದ, ಎಲೆಯಿಂದ ಜಾಸ್ತಿ ಹೀರುತ್ತದೆ, ಸುರಿಯುವಾಗ ಒಮ್ಮೆಗೇ ಜಾಸ್ತಿ ಸುರಿಯುತ್ತದೆ. ಅಂದರೆ ನಿಮ್ಮ ತೋಟ ಎರಡು ಪರೀಕ್ಷೆಗೂ ಕೂರಬೇಕು. ಮುಚ್ಚಿಹೋದ ತೋಟ ಎರಡರಲ್ಲೂ ಫೇಲು. ನನ್ನದು ಆಯಿತು.

ಕೊನೆಗೆ ಮರ ಇಳಿಸುವ ಒಬ್ಬ ಅಜ್ಜನನ್ನು ಕರೆದೆ. ಅವರು ನಡುಹಗಲಲ್ಲಿ ತೋಟದ ಮಧ್ಯೆ ನಿಂತು ಕೈ ಚಾಚಿದರು. "ನನ್ನ ಕೈಯ ನೆರಳು ಎಲ್ಲಿದೆ, ತೋರಿಸಿ ಸ್ವಾಮಿ" ಅಂದರು. ಇರಲಿಲ್ಲ. ಬಿಸಿಲಿದ್ದರೆ ತಾನೇ ನೆರಳು. "ಇಲ್ಲಿ ನಾಯಿಕೊಡೆ ಬೆಳೀಬಹುದು ನೋಡಿ" ಅಂತ ಬೀಡಿ ಹಚ್ಚಿದರು. ಇಷ್ಟು ವರ್ಷದಲ್ಲಿ ಕಲಿತ ಅತ್ಯಂತ ಉಪಯೋಗದ ಪರೀಕ್ಷೆ ಇದು, ನಿಮಗೆ ಬಿಟ್ಟಿಯಾಗಿ ಕೊಡುತ್ತಿದ್ದೇನೆ: ಮಧ್ಯಾಹ್ನ ಕೈ ಚಾಚಿ, ನೆಲದ ಮೇಲೆ ಬೆರಳಿನ ನೆರಳು ಅಲ್ಲಲ್ಲಿ ಒಡೆದಾದರೂ ಕಾಣಬೇಕು. ಕಾಣದಿದ್ದರೆ ಆ ಜಾಗದಲ್ಲಿ ಹಣ್ಣು ಕಾಯಿ ಮರೆತುಬಿಡಿ.

ದೊಡ್ಡ ಜಾತಿಯ 60ರಲ್ಲಿ 38 ತೆಗೆಸಿದೆ. ಆರು ವರ್ಷ ಸಾಕಿದ ಹಲಸು, ಮೊದಲ ಮಿಡಿ ಕಚ್ಚಿತ್ತು. ಗರಗಸ ಅರ್ಧ ಹೋದಾಗ ಹಾಲು ಜಿನುಗಿ ಹಲ್ಲಿಗೆಲ್ಲ ಅಂಟಿಕೊಂಡಿತು, ಅಜ್ಜ ಎಣ್ಣೆ ಒರೆಸಿ ಒರೆಸಿ ಕೊಯ್ದರು. ಅದು ಬಿದ್ದ ಕೂಡಲೇ ನೆಲದ ಮೇಲೆ ಒಂದು ದೊಡ್ಡ ಬಿಸಿಲಿನ ತುಂಡು ಬಂದು ಕೂತಿತು, ಕೆಳಗಿದ್ದ ಕೆಸುವಿನ ಎಲೆಗಳು ಕಣ್ಣು ಕುಕ್ಕಿದವು. ಅಲ್ಲೂ ಒಂದು ಎಡವಟ್ಟು ಮಾಡಿಕೊಂಡೆ. ಸಿಟ್ಟಿನಲ್ಲಿ ಎಲ್ಲವನ್ನೂ ನಡುಬೇಸಿಗೆಯಲ್ಲೇ ಕಡಿಸಿದ್ದರಿಂದ ಅಷ್ಟು ವರ್ಷ ನೆರಳಲ್ಲಿದ್ದ ನಿಂಬೆಯ ಕಾಂಡಗಳು ಬಿಸಿಲಿಗೆ ಸುಟ್ಟು ತೊಗಟೆ ಬಿರಿದವು. ಸುಣ್ಣ ಬಳಿದು ಒಂದಷ್ಟು ಉಳಿಸಿಕೊಂಡೆ. ತೆರವು ಮಾಡುವುದಿದ್ದರೆ ನಡುಬೇಸಿಗೆ ಬಿಟ್ಟು, ಇನ್ನೇನು ಮಳೆ ಹಿಡಿಯುತ್ತದೆ ಅನ್ನುವಾಗ, ಎರಡು ಮೂರು ವರ್ಷಕ್ಕೆ ಹಂಚಿಕೊಂಡು ಮಾಡಿ.

ಏಳು ಪದರದ ಚಿತ್ರದ ಬಗ್ಗೆ ಒಂದು ಮಾತು. ಅದನ್ನು ಪ್ರಚಾರಕ್ಕೆ ತಂದ ರಾಬರ್ಟ್ ಹಾರ್ಟ್ ಅವರ ತೋಟ ಇದ್ದದ್ದು ಇಂಗ್ಲೆಂಡಿನ ಶ್ರಾಪ್‌ಷೈರ್‌ನಲ್ಲಿ. ಅಲ್ಲಿನ ಸೇಬು, ಪೇರು ಚಳಿಗಾಲದಲ್ಲಿ ಎಲೆ ಉದುರಿಸಿ ಬೋಳಾಗುತ್ತವೆ. ಮೇಲೆ ಚಿಗುರೊಡೆಯುವ ಮೊದಲು ಕೆಳಗಿನ ಸೊಪ್ಪಿಗೆ ಕೆಲವು ವಾರ ಪೂರ್ತಿ ಬೆಳಕು ಸಿಗುತ್ತದೆ. ಮಾವು, ಹಲಸು ಹೀಗೆ ಬೋಳಾಗುವ ಮರಗಳೇ ಅಲ್ಲ. ಆ ಕಿಟಕಿ ಅವುಗಳ ಕೆಳಗೆ ತಾನಾಗಿ ತೆರೆಯುವುದಿಲ್ಲ, ಮಚ್ಚಿನಿಂದ ತೆರೆಯಬೇಕು. ಆಫ್ರಿಕಾದ ಕಿಲಿಮಂಜಾರೋ ಬೆಟ್ಟದ ಇಳಿಜಾರಿನ ಚಗ್ಗಾ ಜನ ತಲೆಮಾರುಗಳಿಂದ ದೊಡ್ಡ ಮರದ ಕೆಳಗೆ ಬಾಳೆ, ಬಾಳೆಯ ಕೆಳಗೆ ಕಾಫಿ ಬೆಳೆದುಕೊಂಡು ಬಂದಿದ್ದಾರೆ. ಅಲ್ಲಿ ಮರದ ಸೊಪ್ಪು ದನಕ್ಕೆ, ಕೊಂಬೆ ಒಲೆಗೆ, ದನದ ಗೊಬ್ಬರ ಬಾಳೆಗೆ. ದೂರದಿಂದ ಕಾಡಿನ ಹಾಗೆ ಕಾಣುತ್ತದೆ, ಒಳಗೆ ಸದಾ ಯಾರೋ ಏನನ್ನೋ ಕಡಿಯುತ್ತಲೇ ಇರುತ್ತಾರೆ.

ಹಾಗಾಗಿ "ಯಾವ ಗಿಡ ತರಲಿ" ಅನ್ನುವ ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಯಾರು ಕಡಿಯುತ್ತಾರೆ, ವರ್ಷಕ್ಕೆ ಎಷ್ಟು ದಿನ ಕಡಿಯುತ್ತಾರೆ ಅನ್ನುವುದು ಮೊದಲು ನಿಕ್ಕಿಯಾಗಲಿ. ಕೆಲಸವಿಲ್ಲದ ತೋಟ ಬೇಕಿದ್ದರೆ ನೆಲ ಹಾಗೇ ಬಿಟ್ಟುಬಿಡಿ, ಹಕ್ಕಿಗಳಾದರೂ ಬರುತ್ತವೆ, ಅದೂ ಒಳ್ಳೆಯದೇ. ಊಟಕ್ಕೆ ಬೇಕಿದ್ದರೆ ಮೂರನೇ ಒಂದು ಭಾಗ ಬಯಲಾಗಿಯೇ ಇರಲಿ. ಕಾಳು, ತರಕಾರಿ ಬಿಸಿಲಿನ ಮಕ್ಕಳು, ಅವನ್ನು ಮರದ ಕೆಳಗೆ ತುರುಕಿ ಸ್ವಾವಲಂಬನೆ ಅನ್ನಬೇಡಿ. ಎರಡು ಸಾಲು ಮರಕ್ಕೆ ಬದಲು ಒಂದು ಬಯಲು ಪಟ್ಟಿ ಹೆಚ್ಚು ಹೊಟ್ಟೆ ತುಂಬಿಸುತ್ತದೆ ಅಂದರೆ ಕಾಡುತೋಟದವರಿಗೆ ಸಿಟ್ಟು ಬರುತ್ತದೆ. ಬರಲಿ.

ಹವಾಮಾನದ ವಿಮೆ ಅಂತ ನೀವು ಹೇಳುವುದು ಪದರಗಳಲ್ಲಿಲ್ಲ, ತಿಂಗಳುಗಳಲ್ಲಿದೆ. ಹತ್ತು ಜಾತಿ ನೆಟ್ಟು ಹತ್ತೂ ಒಂದೇ ತಿಂಗಳು ಹೂ ಬಿಟ್ಟರೆ ಒಂದು ಅಕಾಲ ಮಳೆಗೆ ಹತ್ತೂ ಹೋಗುತ್ತವೆ. ಈಗ ನನ್ನಲ್ಲಿ ಮಾವು ಕೈಕೊಟ್ಟ ವರ್ಷ ಸೀಬೆ ಇರುತ್ತದೆ, ಮರದ ಮೇಲಿನದೆಲ್ಲ ಹೋದ ವರ್ಷ ನೆಲದೊಳಗೆ ಸುವರ್ಣಗಡ್ಡೆ ಇರುತ್ತದೆ. ಗಡ್ಡೆಗಳನ್ನು ಯಾರೂ ಫೋಟೋ ತೆಗೆಯುವುದಿಲ್ಲ, ನನಗೆ ಅವುಗಳ ಮೇಲೆಯೇ ಭರವಸೆ.

ಈ ಮಳೆಗಾಲದಲ್ಲಿ ಏನೂ ನೆಡಬೇಡಿ ಅಂದರೆ ನಿಮಗೆ ನಿದ್ದೆ ಬರುವುದಿಲ್ಲ, ನನಗೆ ಗೊತ್ತು. ಹಾಗಿದ್ದರೆ ಇಷ್ಟು ಮಾಡಿ. ಜೋರು ಮಳೆ ಬಂದಾಗ ಕೊಡೆ ಹಿಡಿದು ನೆಲದಲ್ಲಿ ನಿಲ್ಲಿ, ನೀರು ಎಲ್ಲಿಂದ ಬಂದು ಎಲ್ಲಿ ಹೋಗುತ್ತದೆ ಅಂತ ಗೂಟ ಹೊಡೆದು ಗುರುತು ಮಾಡಿ. ಆ ಗುರುತಿಗೆ ಅಡ್ಡಲಾಗಿ, ಮಟ್ಟ ನೋಡಿಕೊಂಡು ಬದು ಹಾಕಿ. ಬದುವಿನ ಮೇಲೆ ತೊಗರಿ, ಗ್ಲಿರಿಸಿಡಿಯಾ. ಅವೆರಡೂ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿಯುತ್ತವೆ, ಗ್ಲಿರಿಸಿಡಿಯಾವನ್ನು ಸೊಂಟದೆತ್ತರಕ್ಕೆ ವರ್ಷಕ್ಕೆ ಎರಡು ಮೂರು ಸಲ ಸವರಿದರೂ ಮತ್ತೆ ಚಿಗುರುತ್ತದೆ. ಮಚ್ಚು ಹಿಡಿಯುವ ಕೈಗೆ ಅದಕ್ಕಿಂತ ಒಳ್ಳೆ ಪಾಠಶಾಲೆ ಇಲ್ಲ, ತಪ್ಪಾಗಿ ಕಡಿದರೂ ಕ್ಷಮಿಸುತ್ತದೆ. ಸವರಿದ ಸೊಪ್ಪನ್ನು ಗಿಡದ ಸುತ್ತ ಹರಡಿ, ಆದರೆ ಕಾಂಡಕ್ಕೆ ತಾಗಿಸಬೇಡಿ, ಒಂದು ಗೇಣು ಬಿಟ್ಟಿರಲಿ, ಇಲ್ಲದಿದ್ದರೆ ಬುಡ ಕೊಳೆಯುತ್ತದೆ. ದೊಡ್ಡ ಮರಗಳ ಜಾಗಕ್ಕೆ ಬರೀ ಗೂಟ ನೆಡಿ, 30 ಅಡಿಗೊಂದು. ಸಸಿ ಮುಂದಿನ ವರ್ಷಕ್ಕಿರಲಿ. ಗೂಟದ ಸುತ್ತ 15 ಅಡಿ ಹಗ್ಗ ಹಿಡಿದು ಒಂದು ಸುತ್ತು ನಡೆದು ನೋಡಿ, ನಿಮ್ಮ ಅರ್ಧ ಎಕರೆ ಎಷ್ಟು ಚಿಕ್ಕದು ಅಂತ ಗೊತ್ತಾಗುತ್ತದೆ.

ಗ್ಲಿರಿಸಿಡಿಯಾ ಕಡ್ಡಿ ತರುವಾಗ ಬುಡದ ಕಡೆ ಓರೆಯಾಗಿ, ತುದಿಯ ಕಡೆ ನೇರವಾಗಿ ಕತ್ತರಿಸಿಕೊಳ್ಳಿ. ನಾನು ಎರಡೂ ಕಡೆ ಒಂದೇ ಥರ ಕತ್ತರಿಸಿ, ಮೂವತ್ತು ಕಡ್ಡಿಯನ್ನು ತಲೆಕೆಳಗಾಗಿ ನೆಟ್ಟು, ಯಾಕೆ ಚಿಗುರುತ್ತಿಲ್ಲ ಅಂತ ಎರಡು ತಿಂಗಳು ನೀರು ಹಾಕಿದ್ದೇನೆ.