ಎರಡು ಅಂತಸ್ತಿನ ಕೇಕಿನ ಆಧಾರದ ಕಡ್ಡಿಗಳನ್ನು ಯಾವುದರಿಂದ ಕತ್ತರಿಸಬೇಕು?

ಮೇಲಿನ ಕೇಕಿನ ಭಾರ ಹೊರಲು ಕೆಳಗಿನ ಕೇಕಿನೊಳಗೆ ಚುಚ್ಚುವ ಕಡ್ಡಿ ಯಾವುದು ಎಂಬುದರ ಮೇಲೆ ಹತಾರ ನಿಂತಿದೆ. ಟೊಳ್ಳು ಪ್ಲಾಸ್ಟಿಕ್ ಕೊಳವೆಯಾದರೆ ಪ್ಲಂಬರ್‌ಗಳು ಬಳಸುವ ಪಿವಿಸಿ ಪೈಪ್ ಕಟರ್ ಸಾಕು, ತುದಿ ನೇರವಾಗಿ ಬರುತ್ತದೆ. ದಪ್ಪ ಸ್ಟ್ರಾಗೆ ಅಡುಗೆಮನೆಯ ಕತ್ತರಿಯೇ ಆಯಿತು.

ತೊಡಕು ಇರುವುದು ಮರದ ಕಡ್ಡಿಯಲ್ಲಿ. ಗಿಡ ಸವರುವ ಕತ್ತರಿ ಸುಮಾರು 6 ಮಿಲಿಮೀಟರ್ ದಪ್ಪದ ಕಡ್ಡಿಯನ್ನು ಕ್ಷಣದಲ್ಲಿ ತುಂಡರಿಸುತ್ತದೆ, ನಿಜ. ಆದರೆ ನಾರು ಜಜ್ಜಿ ತುದಿ ಓರೆಯಾಗುತ್ತದೆ, ಸಿಬಿರೂ ಏಳುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇಪ್ಪತ್ತು ಕಿಲೋಮೀಟರ್ ಕಾರಿನಲ್ಲಿ ಸಾಗಿಸುವಾಗ, ಪ್ರತಿ ಉಬ್ಬಿನಲ್ಲೂ ಆ ಓರೆ ತುದಿಯ ಮೇಲೆ ಮೇಲಿನ ಕೇಕು ಅಲುಗಾಡುತ್ತದೆ. ಏಪ್ರಿಲ್ ಬಿಸಿಲಿಗೆ ಕ್ರೀಮ್ ಮೆತ್ತಗಾಗಿದ್ದರೆ ಕೇಳುವುದೇ ಬೇಡ. ನನ್ನ ಆಯ್ಕೆ ಹಾರ್ಡ್‌ವೇರ್ ಅಂಗಡಿಯ ಸಣ್ಣ ಹ್ಯಾಕ್ಸಾ, ಅಂದರೆ ಲೋಹ ಕೊಯ್ಯುವ ಗರಗಸ. ಇಂಚಿಗೆ 24 ಅಥವಾ 32 ಹಲ್ಲಿನ ಬ್ಲೇಡ್ ಕೇಳಿ. ಹಲ್ಲು ಒರಟಾದಷ್ಟೂ ಮರ ಸೀಳುತ್ತದೆ. ಬ್ರೆಡ್ ಚಾಕುವಿನಿಂದ ಗೀಚಿ ಮುರಿಯುವವರಿದ್ದಾರೆ, ನಾನು ಬೆರಳು ಕುಯ್ದುಕೊಂಡ ಮೇಲೆ ಬಿಟ್ಟೆ.

ಹೊಸ ಬ್ಲೇಡಿಗೆ ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚಿರುತ್ತಾರೆ. ಸೋಪಿನಿಂದ ತೊಳೆದು ಒರೆಸಿ, ಕೇಕಿಗೆಂದೇ ಬೇರೆ ಇಡಿ.

ಕೆಳಗಿನ ಕೇಕಿಗೆ ಒಂದು ಕಡ್ಡಿಯನ್ನು ತಳ ಮುಟ್ಟುವಂತೆ ಚುಚ್ಚಿ, ಮೇಲ್ಮೈ ಅತಿ ಎತ್ತರವಿರುವ ಕಡೆ ಗುರುತು ಹಾಕಿ ಹೊರತೆಗೆಯಿರಿ. ಅದನ್ನು ಕತ್ತರಿಸಿ, ಉಳಿದವನ್ನು ಅದರ ಅಳತೆಗೇ ಕತ್ತರಿಸಿ. ಪ್ರತಿಯೊಂದನ್ನೂ ಬೇರೆ ಬೇರೆ ಅಳೆಯಬೇಡಿ. ಕೊನೆಗೆ ಮರಳುಕಾಗದದಿಂದ ತುದಿ ಉಜ್ಜಿ ಪುಡಿ ಒರೆಸಿ. ಇದೆಲ್ಲ ಕೇಕಿನಿಂದ ದೂರದಲ್ಲಿ ನಡೆಯಲಿ.