ಒಂದೇ ದಿನದಲ್ಲಿ ದೇವಸ್ಥಾನ, ಆನೆ, ಟೀ ತೋಟ?

ಪ್ರಶ್ನೆ: ಮೈಸೂರಿನಿಂದ ಒಂದು ದಿನದ ಟೂರ್ ಇದೆ. ನಂಜನಗೂಡು, ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಬಂಡೀಪುರ ಸಫಾರಿ, ಊಟಿ ಟೀ ತೋಟ, ಎಲ್ಲಾ ತೋರಿಸ್ತಾರಂತೆ. ಜೊತೆಗೆ ವಯಸ್ಸಾದ ಅಮ್ಮ ಇದ್ದಾರೆ. ಹೋಗಬಹುದಾ?

ಉತ್ತರ: ಹೋಗಿ, ಆದರೆ ಊಟಿ ಕೈಬಿಡಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ಊಟಿಯಲ್ಲಿ ತಡವಾದರೆ ವಾಪಸ್ ಬರುವಾಗ ಗೇಟಿನ ಹತ್ತಿರವೇ ರಾತ್ರಿ ಕಳೆಯಬೇಕಾಗುತ್ತದೆ. ಟೀ ತೋಟ ನೋಡಲು ಊಟಿಗಿಂತ ಮೊದಲೇ ಸಿಗುವ ಗೂಡಲೂರು ಸಾಕಲ್ವಾ? ಅಲ್ಲಿ ರಸ್ತೆ ಪಕ್ಕದಲ್ಲೇ ಗುಡ್ಡದ ತುಂಬ ಕತ್ತರಿಸಿದ ಹಾಗೆ ಹಸಿರು ಸಾಲು, ನಡುವೆ ನೆರಳಿಗೆ ಸಿಲ್ವರ್ ಓಕ್ ಮರ. ಗೂಡಲೂರು ಇರುವುದು ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿ, ಅಲ್ಲಿಗೆ ಇ-ಪಾಸ್ (ಆನ್‌ಲೈನ್‌ನಲ್ಲಿ ಪಡೆಯುವ ಪ್ರವೇಶ ಪರವಾನಗಿ) ಬೇಕು, ಟೂರ್‌ನವರು ಮಾಡಿಸಿದ್ದಾರಾ ಕೇಳಿ.

ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದರ್ಶನ ಬೆಳಿಗ್ಗೆಯೇ ಮುಗಿಸಿ. ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ಗಾಡಿ ಬಿಡುವುದಿಲ್ಲ, ಕೆಳಗಿನಿಂದ ಕೆಎಸ್‌ಆರ್‌ಟಿಸಿ ಬಸ್ಸೇ ಗತಿ, ರಜಾ ದಿನ ಕ್ಯೂ ಜಾಸ್ತಿ. ಮೇಲೆ ಗಾಳಿ ಜೋರು, ಅಮ್ಮನಿಗೆ ಸ್ವೆಟರ್ ಇರಲಿ. ಸಫಾರಿ ನಡೆಯುತ್ತಿದೆಯಾ, ಟಿಕೆಟ್ ದುಡ್ಡು ಪ್ಯಾಕೇಜಿನಲ್ಲೇ ಸೇರಿದೆಯಾ, ಮೊದಲೇ ವಿಚಾರಿಸಿ. ಹುಲಿ ಗ್ಯಾರಂಟಿ ಅನ್ನುವ ಗೈಡನ್ನು ನಂಬಬೇಡಿ! ಜಿಂಕೆಯಂತೂ ರಸ್ತೆ ಬದಿಯಲ್ಲೇ ಸಿಗುತ್ತದೆ, ಆದರೆ ಫೋಟೋ ಆಸೆಗೆ ಗಾಡಿ ಇಳಿಯಬೇಡಿ, ದಂಡ ಬೀಳುತ್ತದೆ.